ತಡವಾದದ್ದಕ್ಕೆ ಚೀಟಿ

ಮಾರ್ಚ್ 4, ಶನಿವಾರ. ಮಧ್ಯಾಹ್ನ 1.55

ರೈಲು ಮತ್ತೆ ನಿಂತಿದೆ. ಸ್ಟೇಷನ್ನೂ ಅಲ್ಲ, ಏನೂ ಅಲ್ಲ. ಒಂದು ಗೋಡೆಯ ಪಕ್ಕ. ಗೋಡೆಯ ಮೇಲೆ ಬಣ್ಣದ ಕಂಪನಿಯ ಜಾಹೀರಾತು. ಇಪ್ಪತ್ತೈದು ನಿಮಿಷದಿಂದ ಅದನ್ನೇ ಓದುತ್ತಿದ್ದೇನೆ, ಬಾಯಿಪಾಠ ಆಯಿತು.

ಇಷ್ಟು ಹೊತ್ತಿಗೆ ಜಂಕ್ಷನ್‌ನಲ್ಲಿ ಇರಬೇಕಿತ್ತು. 1.50ಕ್ಕೆ ಇಳಿಯುವುದು, 2.01ಕ್ಕೆ ಇನ್ನೊಂದು ರೈಲು ಹಿಡಿಯುವುದು. ಮಧ್ಯೆ ಹನ್ನೊಂದು ನಿಮಿಷ. ಆ ರೈಲು ತಪ್ಪಿದರೆ ಮುಂದಿನದು 3.20ಕ್ಕೆ. ಕೋರ್ಟ್ ಹೇಳಿದ ಭೇಟಿ ಕೇಂದ್ರದಲ್ಲಿ ಮಗಳು ಸಿಗುವುದು ಮೂರರಿಂದ ಐದು. ವಾರಕ್ಕೆ ಎರಡೇ ಗಂಟೆ. ಉಳಿದ ಹೊತ್ತೆಲ್ಲ ಅವಳು ಅವಳಪ್ಪನ ಮನೆಯಲ್ಲಿ.

ಅದನ್ನೂ ತಿಂಗಳಿಗೊಮ್ಮೆ ಮಾಡಿ ಎಂದು ಅವನು ಅರ್ಜಿ ಹಾಕಿದ್ದಾನೆ. ತಾಯಿ ಹೊತ್ತಿಗೆ ಬರುವುದಿಲ್ಲವಂತೆ. 23ಕ್ಕೆ ಕೋರ್ಟ್.

ಸಂಜೆ 5.40

ತಲುಪಿದ್ದು 4.20ಕ್ಕೆ. ಮಗಳು, ನನ್ನ ಅಳಿಲು, ಕುರ್ಚಿಯಲ್ಲಿ ಕೂತಿದ್ದಳು, ಬ್ಯಾಗ್ ಬೆನ್ನ ಮೇಲೇ. (ಕೆನ್ನೆ ತುಂಬ ಬಿಸ್ಕತ್ತು ತುಂಬಿಕೊಂಡು ಮಾತಾಡುತ್ತಾಳೆ, ಅದಕ್ಕೇ ಆ ಹೆಸರು. ಎಂಟು ವರ್ಷ.)

"ನಾನು ಗಡಿಯಾರ ನೋಡೋದು ಬಿಟ್ಬಿಟ್ಟೆ ಅಮ್ಮ," ಅಂದಳು. ಸುಮ್ಮನೆ ಹೇಳಿದಳು, ಸಿಟ್ಟಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಮಾರ್ಚ್ 6, ಸೋಮವಾರ

ವಕೀಲರ ಫೋನ್. ಕೆಲಸದಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದೆ, ಮೆಷಿನ್ ನಿಲ್ಲಿಸಿ ಮಾತಾಡಿದೆ. ವರ್ಕ್‌ಶಾಪಿನ ಯಜಮಾನರು ಕಣ್ಣು ಕೆಂಪಗೆ ಮಾಡಿದರು, ಮಾಡಲಿ.

"ಲೇಟಾದಾಗೆಲ್ಲ ಸ್ಟೇಷನ್‌ನಿಂದ ಒಂದು ಚೀಟಿ ತಗೊಳ್ಳಿ. ಎಷ್ಟು ನಿಮಿಷ ಲೇಟು ಅಂತ ಬರೆದು ಸೀಲ್ ಹಾಕಿ ಕೊಡ್ತಾರೆ. ಬಾಯಿಮಾತು ಯಾರು ಕೇಳ್ತಾರೆ?"

ನನಗೆ ಇದು ಅರ್ಥವಾಗುವ ಭಾಷೆ. ನಮ್ಮ ವರ್ಕ್‌ಶಾಪಿನಲ್ಲಿ ಅಳತೆ ಬರೆದ ಕಾರ್ಡ್ ಇಲ್ಲದೆ ಒಂದು ಗಾಜೂ ಮೇಜು ಬಿಟ್ಟು ಕದಲುವುದಿಲ್ಲ. ಹದಿನಾರು ವರ್ಷದಿಂದ ಹಾಗೇ. ಮೊದಲು ಕಾರ್ಡ್, ಆಮೇಲೆ ಗಾಜು.

ಮಾರ್ಚ್ 11, ಶನಿವಾರ. ಸಂಜೆ

ರೈಲು ನಲವತ್ತು ನಿಮಿಷ ಲೇಟು, ಮತ್ತೆ 3.20ರದೇ ಗತಿ. ಆದರೆ ಚೀಟಿ ಸಿಕ್ಕಿತು! ಕೌಂಟರ್ ಗುಮಾಸ್ತರು ಮುತ್ತು ಪೋಣಿಸಿದ ಹಾಗೆ ಬರೆಯುತ್ತಾರೆ, ಅಷ್ಟೇ ನಿಧಾನ.

ಅಳಿಲಿಗೆ ತೋರಿಸಿದೆ. ಗಟ್ಟಿಯಾಗಿ ಓದಿದಳು. "ಹಂಗಾದ್ರೆ ನಿನ್ ತಪ್ಪಲ್ಲ."

"ಅಲ್ಲ ಮತ್ತೆ."

ಅದರ ಹಿಂದೆ ರೈಲಿನ ಚಿತ್ರ ಬರೆಯುತ್ತೇನೆಂದು ಪೆನ್ಸಿಲ್ ತೆಗೆದಳು. ಕಿತ್ತುಕೊಂಡೆ. "ಬೇಡ್ವೇ, ಕೋರ್ಟಿಗೆ ಬೇಕು." ಮುಖ ಸಪ್ಪೆ ಮಾಡಿಕೊಂಡಳು. ನಲವತ್ತು ನಿಮಿಷ ಉಳಿದಿತ್ತು, ಅದರಲ್ಲಿ ಹತ್ತು ಅವಳನ್ನು ರಮಿಸುವುದಕ್ಕೇ ಹೋಯಿತು. ಬುದ್ಧಿ ಇಲ್ಲ ನನಗೆ.

ಮಾರ್ಚ್ 18, ಶನಿವಾರ. ಮಧ್ಯಾಹ್ನ 2.45, ಜಂಕ್ಷನ್

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

2.09ಕ್ಕೆ ಬಂದಿಳಿದೆ. 2.01ರದು ಹೋಗಿರುತ್ತದೆ ಅಂದುಕೊಂಡೆ. ಬೋರ್ಡ್ ನೋಡಲಿಲ್ಲ. ನಾಲ್ಕನೇ ಪ್ಲಾಟ್‌ಫಾರ್ಮ್ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ನೆಟ್ಟಗೆ ಕೌಂಟರಿಗೆ ಹೋಗಿ ಕ್ಯೂನಲ್ಲಿ ನಿಂತೆ. ಮುಂದೆ ಮೂವರು.

ಗುಮಾಸ್ತರು ಸೀಲ್ ಒತ್ತುವಾಗ ಅವರ ಹಿಂದಿನ ಕಿಟಕಿಯಲ್ಲಿ ಒಂದು ರೈಲು ಕದಲಿತು.

"ಅದ್ಯಾವುದು?"

"ಅದಾ? 2.01ರದು. ಇವತ್ತು ಅದೂ ಲೇಟು. ನೀವು ಅದಕ್ಕೆ ಹೋಗ್ಬೇಕಿತ್ತಾ?"

ಹನ್ನೆರಡು ನಿಮಿಷ ಆ ರೈಲು ಬಾಗಿಲು ತೆರೆದುಕೊಂಡು ನಿಂತಿತ್ತು. ನಾನು ಅದು ತಪ್ಪಿತೆಂದು ಬರೆಸಿಕೊಳ್ಳಲು ನಿಂತಿದ್ದೆ.

ಆ ಪುಣ್ಯಾತ್ಮರು ಅದನ್ನೂ ಚೀಟಿಯಲ್ಲಿ ಸೇರಿಸಿಯೇ ಕೊಟ್ಟರು. ಬಂದದ್ದು 2.09. ಮುಂದಿನ ರೈಲು ಹೊರಟದ್ದು 2.21.

ಈಗ 3.20ರದು ರದ್ದು ಅಂತ ಮೈಕಿನಲ್ಲಿ ಹೇಳುತ್ತಿದ್ದಾರೆ.

ಮಾರ್ಚ್ 19, ಭಾನುವಾರ

ಫೋನ್ ಮಾಡಿದೆ. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ ಅವಳು.

"ಅಮ್ಮ, ಚೀಟಿ ಸಿಕ್ತಾ?"

ಸಿಕ್ಕಿತು ಅಂದೆ. "ಸರಿ," ಅಂದಳು. ಫೋನ್ ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಮಾರ್ಚ್ 23, ಗುರುವಾರ

ಕೋರ್ಟಿನಲ್ಲಿ ಎರಡೂ ಚೀಟಿ ಕೊಟ್ಟೆ. 18ರದನ್ನೂ. ವಕೀಲರು ಹಲ್ಲು ಕಚ್ಚಿ ಪಿಸುಗುಟ್ಟಿದರು, "ಇದನ್ನ ಯಾಕೆ ತಂದ್ರಿ?"

ಜಡ್ಜ್ ಎರಡು ಸಲ ಓದಿದರು. "ಹನ್ನೆರಡು ನಿಮಿಷ ಏನ್ಮಾಡ್ತಿದ್ರಿ?"

"ಈ ಚೀಟಿಗೆ ನಿಂತಿದ್ದೆ."

ಯಾರೂ ನಗಲಿಲ್ಲ. ಅಳಿಲಿನ ಅಪ್ಪ ಸಹ.

ಇನ್ನೊಂದು ಶನಿವಾರ ನೋಡುತ್ತಾರಂತೆ. ಮೂರು ಅಂದರೆ ಮೂರು. ತಪ್ಪಿದರೆ ತಿಂಗಳಿಗೊಮ್ಮೆ. ಚೀಟಿ ಬೇಡ ಅಂದರು.

ಮಾರ್ಚ್ 25, ಶನಿವಾರ. ಮಧ್ಯಾಹ್ನ 12.50, ಜಂಕ್ಷನ್

ರಜೆ ಹಾಕಿ ಬೆಳಿಗ್ಗೆ ಏಳರ ರೈಲು ಹತ್ತಿದೆ. ಎಂಜಿನ್ ಕೆಟ್ಟು ದಾರಿಯಲ್ಲಿ ನಾಲ್ಕು ಗಂಟೆ! ಇಷ್ಟು ಬೇಗ ಹೊರಟರೂ ಈ ಗತಿ. 1.01ರದು ರದ್ದು. ಮತ್ತೆ ಅದೇ 2.01 ಗತಿ.

ನಾಲ್ಕನೇ ಪ್ಲಾಟ್‌ಫಾರ್ಮಿನ ಬೆಂಚಿನಿಂದ ಏಳುವುದಿಲ್ಲ. ಬಾಯಾರಿಕೆಯಾದರೂ ಸರಿ. ಗುಮಾಸ್ತರು ಕಿಟಕಿಯಿಂದ ನೋಡಿ ಪೆನ್ನು ಎತ್ತಿ ತೋರಿಸಿದರು, ಬೇಕಾ ಅಂತ. ಬೇಡ ಅಂತ ತಲೆಯಾಡಿಸಿದೆ.

2.56, ಭೇಟಿ ಕೇಂದ್ರ

ಬಂದೆ. ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ರಿಜಿಸ್ಟರಿನಲ್ಲಿ ಸಹಿ. ಮೇಡಂ ಗಡಿಯಾರ ನೋಡಿ ಸಮಯ ಬರೆದುಕೊಂಡರು, ನೀರು ಕೊಟ್ಟರು.

ಅಳಿಲು ಬಂದಿಲ್ಲ.

3.08

ಇನ್ನೂ ಇಲ್ಲ. ಅವಳು ಪ್ರತಿ ವಾರ ಕೂರುವ ಕುರ್ಚಿಯಲ್ಲಿ ಕೂತಿದ್ದೇನೆ. ಇಲ್ಲಿಂದ ಗಡಿಯಾರ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲ.

3.17

ಗೇಟಿನ ಸದ್ದು. ಅವಳಪ್ಪ ಬಾಗಿಲಲ್ಲೇ ನಿಂತು ಮೇಡಂಗೆ ಹೇಳುತ್ತಿದ್ದಾನೆ, ದಾರಿಯಲ್ಲಿ ಟೈರ್ ಪಂಕ್ಚರ್ ಆಯ್ತು ಅಂತ. ಅಳಿಲು ಅವನ ಕೈ ಬಿಡಿಸಿಕೊಂಡು ಓಡಿ ಬರುತ್ತಿದ್ದಾಳೆ, ಏನೋ ಕಾಗದ ಮುಂದೆ ಚಾಚಿಕೊಂಡು. ಹದಿನೇಳು ನಿಮಿಷ ಲೇಟು ಅಂತ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ, ಕೆಳಗೆ ಗುಂಡಗೆ ಒಂದು ಸೀಲು ಕೂಡ ಬಿಡಿಸಿದ್ದಾಳೆ.