ಇವತ್ತಿನ ಉಪ್ಪು

ಪುಟ್ಟೀ,

ಹೊರಗೆ ಮಂಜು ದಟ್ಟವಾಗಿದೆ, ಎದುರು ಮನೆಯ ದೀಪವೂ ಕಾಣುತ್ತಿಲ್ಲ. ಈ ತಿಂಗಳು ಬೇಕರಿಯಲ್ಲಿ ಕೇಕಿನ ಕೆಲಸ ಮುಗಿಯುವುದೇ ಇಲ್ಲ, ಬೇಗ ಹೊರಟಿದ್ದೇನೆ. ದೇವರಿಗೆ ದೀಪ ಹಚ್ಚಿದ್ದೇನೆ. ಏನು ಬೇಡಬೇಕೆಂದು ತೋಚಲಿಲ್ಲ, ಸುಮ್ಮನೆ ಕೈ ಮುಗಿದೆ.

ಬೇಳೆ ನೆನೆಸಿಟ್ಟಿದ್ದೇನೆ. ಕ್ಯಾರೆಟ್, ಟೊಮೇಟೊ ಹೆಚ್ಚಿ ಹಾಕಿ ಮೆತ್ತಗೆ ಬೇಯಿಸು. ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಸಾಕು. ಕುಕ್ಕರಿನ ರಬ್ಬರ್ ಸಡಿಲವಾಗಿದೆ, ನೋಡಿ ಮುಚ್ಚು. ತಣ್ಣಗಿನದನ್ನು ನಿಂತುಕೊಂಡೇ ತಿನ್ನಬೇಡ.

ನಿನ್ನೆ ಪಕ್ಕದ ಮನೆ ಟೈಲರಮ್ಮ ನಮ್ಮ ಸಾರು ಬಾಯಿಗಿಟ್ಟು, "ಏನಣ್ಣಾ, ಅಪ್ಪ ಮಗಳು ಪಥ್ಯ ಮಾಡ್ತಿದ್ದೀರಾ? ಇದಕ್ಕೆ ಉಪ್ಪೇ ಬಿದ್ದಿಲ್ವಲ್ಲ" ಎಂದರು. ಅಡುಗೆ ಯಾರೇ ಮಾಡಲಿ, ಉಪ್ಪು ಮಾತ್ರ ನಿಮ್ಮಮ್ಮನೇ ಹಾಕುತ್ತಿದ್ದಳು. "ನಿಮ್ಮಿಬ್ಬರ ಕೈ ನಂಬೋಕಾಗಲ್ಲ" ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ನಾವಿಬ್ಬರೂ ಹಾಕಿಯೇ ಇಲ್ಲ. ದಿನವೂ ಹಿಟ್ಟಿನ ರುಚಿ ನೋಡುವ ನನಗೂ ತಿಳಿಯಲಿಲ್ಲ, ನೀನೂ ಹೇಳಲಿಲ್ಲ. ಹೀಗೇ ಬಿಟ್ಟರೆ ನಾವೂ ಅವಳ ಹಿಂದೆಯೇ ಹೋದಂತೆ.

ಇವತ್ತು ಉಪ್ಪು ನೀನೇ ಹಾಕು. ನಾಲಿಗೆಗೆ ತಾಗುವವರೆಗೆ ರುಚಿ ನೋಡು. ಹೆಚ್ಚಾದರೆ ಆಗಲಿ, ನಾನು ಉಣ್ಣುತ್ತೇನೆ.

ಅಮ್ಮ ತೀರಿಕೊಂಡ ಆ ವಾರವೆಲ್ಲ ಟೈಲರಮ್ಮ ನಮಗೆ ಊಟ ತಂದುಕೊಟ್ಟ ಸ್ಟೀಲ್ ಡಬ್ಬಿ ಇನ್ನೂ ನಮ್ಮಲ್ಲೇ ಇದೆ. ತೊಳೆದು ಒಲೆಯ ಪಕ್ಕ ಇಟ್ಟಿದ್ದೇನೆ. ಬಿಸಿ ಸಾರು ತುಂಬಿಸಿಕೊಂಡು, ಅವರ ಮಿಷನ್ ಸದ್ದು ನಿಂತಾಗ ಹೋಗಿ ಕೈಗೆ ಕೊಟ್ಟು ಬಾ.

ಅಪ್ಪ