ಹುಳದ ಮನೆಯ ಕಂಪ್ಯೂಟರ್

8-7-2003, ಮಂಗಳವಾರ

ಸಂಜೆಯ ಪ್ರೈವೇಟ್ ಬಸ್ಸು ನಮ್ಮ ಬೀದಿಯ ಮುಂದೆ ನಿಲ್ಲುವುದಿಲ್ಲ. ಟಿಕೆಟ್ ಕೊಡುತ್ತಾರೆ, ನಿಲ್ಲಿಸುವುದಿಲ್ಲ. ಇದು ಅನ್ಯಾಯ. ಬೇರೆ ಹೆಸರಿಲ್ಲ. ಹನೂರು ಕಾಲೇಜಿಂದ ಬರುವ ನಮ್ಮ ಹುಡುಗಿಯರು ಬಂಡಳ್ಳಿವರೆಗೂ ಹೋಗಿ ಇಳಿದು, ಪೊದೆ ದಾರಿಯಲ್ಲಿ ಹಿಂದಕ್ಕೆ ನಡೆಯಬೇಕು. ಇವತ್ತು ತಂಗಿ ಪ್ರೇಮಾ ಬಂದಾಗ ಕತ್ತಲಾಗಿತ್ತು. ಕಂಡಕ್ಟರ್ ಅಂದನಂತೆ — "ನಿಮ್ ಬೀದಿಗೆಲ್ಲ ಬ್ರೇಕ್ ಹೊಡೀತಾ ಕೂತ್ರೆ ಡೀಸೆಲ್ ನಿಮ್ಮಪ್ಪ ಉಯ್ತಾನಾ?"

ಅಪ್ಪ ಅಂದದ್ದು ಇಷ್ಟೇ: "ಈ ತಿಂಗ್ಳು ನೋಡ್ತೀನಿ. ಆಮೇಕೆ ಪಿಯುಸಿನೂ ಬ್ಯಾಡ, ಗಿಯುಸಿನೂ ಬ್ಯಾಡ." ಪ್ರೇಮಾ ಉಣ್ಣಲಿಲ್ಲ.

ಕೈಯಲ್ಲಿ ಬರೆದ ಅರ್ಜಿ ಕೊಟ್ಟಾಗಿದೆ. ಬಸ್ ಏಜೆಂಟ್ ಅದರಲ್ಲಿ ಕಡ್ಲೆಕಾಯಿ ಸಿಪ್ಪೆ ಸುತ್ತಿ ಎಸೆದ, ಕಣ್ಣಾರೆ ಕಂಡೆ. ಈ ಸಲ ಟೈಪ್ ಮಾಡಿ, ಮನೆಗೊಂದು ಹಂಚಿ, ಎಲ್ಲರ ಸಹಿ ಹಾಕಿಸಿ ಮಾಲೀಕನ ಕೈಗೇ ಕೊಡಬೇಕು. ನನ್ನ ಟ್ರಂಕಿನ ಹೋರಾಟದ ಕರಪತ್ರಗಳೆಲ್ಲ ಹೇಳುವುದು ಅದನ್ನೇ — ಒಬ್ಬಳ ಅರ್ಜಿ ಗೊಣಗಾಟ, ಬೀದಿಯ ಅರ್ಜಿ ಚಳವಳಿ.

ಶಾಂತರಾಜು ಮಾವ ಕಂಪ್ಯೂಟರ್ ಕೊಟ್ಟದ್ದು ಎಷ್ಟು ಉಪಕಾರ. ಅಕ್ಕನ ಮಕ್ಕಳು ಅಂತ ತಮ್ಮ ಕಂಪ್ಯೂಟರ್ ಅಂಗಡಿಯ ಮಾಲನ್ನು ಕೊಳ್ಳೇಗಾಲದಿಂದ ಹೊತ್ತು ತಂದು ಯಾರು ಕೊಡ್ತಾರೆ? ರೇಷ್ಮೆ ಹುಳದ ತಟ್ಟೆಗಳ ಪಕ್ಕದಲ್ಲೇ ಜಾಗ ಮಾಡಿದ್ದೇವೆ. ಇರುವುದು ಅದೊಂದೇ ಕೋಣೆ.

ಇವತ್ತು ಅರ್ಜಿ ಅರ್ಧ ಪುಟ ಆಗಿತ್ತು. ಪರದೆಯ ಬಾಣ ನಿಂತಿತು. ಯಾವ ಕೀ ಒತ್ತಿದರೂ ಅಲ್ಲಾಡಲಿಲ್ಲ... ಸ್ವಿಚ್ ಆರಿಸಬೇಕಾಯಿತು. ಸೇವ್ ಮಾಡಿರಲಿಲ್ಲ.

12-7, ಶನಿವಾರ

ಮತ್ತೆ ನಿಂತಿತು. ನಿನ್ನೆ ಇಡೀ ಮಧ್ಯಾಹ್ನ ಚೆನ್ನಾಗಿತ್ತು. ಇವತ್ತು ಎರಡು ಸಾಲಿಗೇ ಮುಷ್ಕರ.

ರೇಷ್ಮೆ ಹುಳ ಎರಡನೇ ಜ್ವರಕ್ಕೆ ಕೂತಿವೆ. ಪೊರೆ ಬಿಡಲು ಸೊಪ್ಪು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ. ಅವ್ವ ಅವುಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾ, "ನೋಡವ್ವ ದೀಪ, ಹುಳಾನೂ ನಿನ್ ಮಿಸನ್ನೂ ಒಟ್ಗೇ ಜ್ವರಕ್ಕೆ ಕೂತವೆ. ತಡಿ, ತಾನೇ ಏಳ್ತದೆ" ಅಂದಳು. ಸಿಟ್ಟು ಬಂತು. ಆಮೇಲೆ ನಗು ಬಂತು.

ಬೂತಿನಿಂದ ಮಾವನಿಗೆ ಫೋನ್. "ನಮ್ಮಂಗ್ಡೀಗೇ ಬಂದು ಟೈಪ್ ಮಾಡವ್ವ." ಹೇಗೆ ಹೋಗಲಿ? ಜ್ವರ ಎದ್ದ ಹುಳ ಹೊತ್ತು ಹೊತ್ತಿಗೂ ಸೊಪ್ಪು ಕೇಳುತ್ತವೆ. ಸೊಪ್ಪು ಕೊಯ್ಯುವುದು ನಾನು, ಹಾಕುವುದು ಅವ್ವ. "ಅಂಗಾರೆ ಡಬ್ಬಾನ ಭಾವನ ಕೈಲಿ ಕಳ್ಸು" ಅಂದರು.

17-7, ಗುರುವಾರ

ಅಪ್ಪ ಸಿಪಿಯು ಡಬ್ಬ ಹೊತ್ತು ಒಯ್ದಿದ್ದರು. ಮಾವ ಎಲ್ಲ ಅಳಿಸಿ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿಕೊಟ್ಟಿದ್ದಾರೆ. ಅಂಗಡಿಯಲ್ಲಿ ಬೆಳಗಿಂದ ಬಾಗಿಲು ಹಾಕೋವರೆಗೂ ಓಡಿತಂತೆ, ಒಂದು ಸಲವೂ ನಿಲ್ಲಲಿಲ್ಲವಂತೆ. ಕಾಸು ಮುಟ್ಟಲಿಲ್ಲ. ಇಂಥವರು ಇರುವುದಕ್ಕೇ ಅಂಗಡಿಬೀದಿ ಪೂರ್ತಿ ಕೆಟ್ಟಿಲ್ಲ.

ಮನೆಗೆ ಬಂದು ಮೂರನೇ ಪ್ಯಾರಾಕ್ಕೆ ನಿಂತಿತು!

ಹಾಗಾದರೆ ಕರೆಂಟು. ಬಸ್ಸು ನಿಲ್ಲದ ಬೀದಿಗೆ ನೆಟ್ಟಗಿನ ಕರೆಂಟು ಯಾಕೆ ಕೊಡ್ತಾರೆ? ಎರಡೂ ಒಂದೇ ರಾಜಕೀಯ. ಅಪ್ಪನಿಗೆ ಹಾಗೇ ಹೇಳಿದೆ.

"ಕಂಪ್ಯೂಟರ್ ನಿಂತ್ರೂ ರಾಜಕೀಯನಾ? ನಂಗೆ ಕೆಮ್ಮು ಬಂದದೆ, ಅದ್ಯಾರ್ ಪಾರ್ಟಿ ಮಾಡ್ಸಿದ್ದು?"

ಪ್ರೇಮಾ ನಕ್ಕಳು. ಎಷ್ಟೋ ದಿನಕ್ಕೆ.

21-7, ಸೋಮವಾರ, ಮಧ್ಯಾಹ್ನ



ಕುಡುಗೋಲು ಮರೆತು ತೋಟದಿಂದ ವಾಪಸು ಬಂದೆ. ಹುಳ ಕೊನೇ ಜ್ವರಕ್ಕೆ ಕೂತಿವೆ, ಮನೆಯೆಲ್ಲ ಸುಣ್ಣದ ಪುಡಿ. ಅವ್ವ ಮೇಜಿಗೂ ಗೋಡೆಗೂ ನಡುವೆ ತೂರಿಕೊಂಡು, ಮರಿಹುಳಕ್ಕೆ ಹೊದಿಸುವ ಮೇಣದ ಕಾಗದವನ್ನು ಡಬ್ಬದ ಹಿಂಭಾಗಕ್ಕೆ ಸುತ್ತಿ, ಬಟ್ಟೆಯ ಅಂಚಿನಿಂದ ಕಟ್ಟುತ್ತಿದ್ದಳು. ಮಗುವಿಗೆ ಹೊದಿಸಿದ ಹಾಗೆ. ಸುಣ್ಣ ಹಾಕುವ ದಿನವೆಲ್ಲ ಕಟ್ಟುತ್ತಾಳಂತೆ. ನೆನಪಾದರೆ ಬಿಚ್ಚುತ್ತಾಳಂತೆ, ಅಪ್ಪ ಡಬ್ಬ ಒಯ್ದಾಗಲೂ ಬಿಚ್ಚಿದ್ದಳಂತೆ; ಗೋಡೆ ಕಡೆಗಿದ್ದುದರಿಂದ ನನಗೆ ಕಂಡಿರಲಿಲ್ಲ.

"ಏನವ್ವ ಮಾಡ್ತಿದ್ದೀಯ?"

"ಸುಣ್ಣ ಒಳಿಕ್ಕೋಗ್ಬಾರ್ದು ಅಂತ ಕನವ್ವ. ಪ್ರೇಮನ ಅರ್ಜಿ ಅದ್ರೊಳ್ಗದಲ್ವಾ?"

ಫ್ಯಾನಿನ ಬಿಸಿಗಾಳಿ ಹೊರಗೆ ಬರುವುದೇ ಅಲ್ಲಿಂದ. ಬೆಳಿಗ್ಗೆ ಟೈಪ್ ಮಾಡಿ ಆರಿಸದೆ ಹೋಗಿದ್ದೆ; ಮುಟ್ಟಿದರೆ ಡಬ್ಬ ಹಂಚಿನ ಹಾಗೆ ಸುಡುತ್ತಿತ್ತು. ಉಸಿರು ಕಟ್ಟಿ ನಿಲ್ಲುತ್ತಿತ್ತು, ಅಷ್ಟೇ. ವಿವರಿಸಿದೆ. ಅವ್ವ ಅಲ್ಲೇ ಕುಕ್ಕರಿಸಿದಳು.

"ಅಯ್ಯೋ... ಓದ್ಸೋಕೆ ಓಗಿ ನಾನೇ ಅಡ್ಡ ಕೂತ್ನಾ?"

ಅವಳ ಸುಣ್ಣದ ಕೈ ಹಿಡಿದುಕೊಂಡೆ.  ಈ ಮನೆಯಲ್ಲಿ ಪ್ರೇಮಾ ಓದಬೇಕು ಅಂತ ಹೋರಾಡುತ್ತಿರುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಇಬ್ಬರೂ ಸೇರಿ ಮೇಜನ್ನು ಅಡಿಗೆಮನೆ ಪಕ್ಕದ ಜಗುಲಿಗೆ ಸಾಗಿಸಿದೆವು.

26-7, ಶನಿವಾರ

ಮುಗಿಯಿತು. ಒಂದು ಸಲವೂ ನಿಲ್ಲಲಿಲ್ಲ. ಗಟ್ಟಿಯಾಗಿ ಓದಿದೆ. ಅವ್ವನ ತಿದ್ದುಪಡಿ: "'ದಯಮಾಡಿ' ಅಂತ ಸೇರ್ಸು."

"ಹಕ್ಕು ಕೇಳೋಕೆ ದಯೆ ಯಾಕವ್ವ?"

"ನಿಲ್ಬೇಕಾಗಿರೋದು ಬಸ್ಸೋ, ನಿನ್ ಅಕ್ಕೋ?"

ಸೇರಿಸಿದೆ. ಒಂದೇ ಕಡೆ.

ಅಪ್ಪ ಅರ್ಜಿಯ ಫ್ಲಾಪಿಯನ್ನು ಎಲೆಅಡಿಕೆ ಚೀಲದೊಳಗೆ ಇಟ್ಟು ಪ್ರಿಂಟ್ ತೆಗೆಸಲು ಕೊಳ್ಳೇಗಾಲಕ್ಕೆ ಹೊರಟರು. ಹೋಗಿ ಅಂತ ನಾನು ಕೇಳಿಕೊಂಡಿರಲಿಲ್ಲ.

31-7, ಗುರುವಾರ

ಹುಳ ಹಣ್ಣಾಗಿ ಬಿದಿರಿನ ಚಂದ್ರಂಕೆ ಹತ್ತಿವೆ, ಅದರಲ್ಲೇ ಗೂಡು ಕಟ್ಟುತ್ತಿವೆ. ಸೊಪ್ಪಿನ ಕೆಲಸವಿಲ್ಲ. ಮನೆ ಎಷ್ಟು ಮೌನ!

ಮಾವ ರಾಶಿ ಪ್ರಿಂಟ್ ತೆಗೆದು ಕಳಿಸಿದ್ದರು. ಪಕ್ಕದ ಮನೆ ಚಾಮುಂಡಮ್ಮ ಮೊದಲ ಹೆಬ್ಬೆಟ್ಟು ಒತ್ತಿದರು — "ನನ್ ಮೊಮ್ಮಗ್ಳು ಮುಂದಿನ್ ವರ್ಸ ಓಗ್ತಾಳೆ, ಈಗ್ಲೇ ಒತ್ಬುಡ್ತೀನಿ." ಬೀದಿ ಪೂರ್ತಿ ಸಹಿ. ಇವರೆಲ್ಲರ ಋಣ ಹೇಗೆ ತೀರಿಸಲಿ? ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರವಿಲ್ಲ.

ಅಪ್ಪನೂ ಮಾವನೂ ನಿನ್ನೆ ಬಸ್ ಮಾಲೀಕರ ಕೈಗೇ ಕೊಟ್ಟರು. ಎರಡು ಸಲ ಓದಿ, ಬರೆದದ್ದು ಯಾರು ಅಂದರಂತೆ. "ನನ್ ದೊಡ್ ಮಗ್ಳು ಸಾ" ಅಂದರಂತೆ ಅಪ್ಪ. "ಕರ್ಕೊಂಡ್ಬನ್ನಿ, ಕಂಡಕ್ಟರ್‌ನೂ ಕೂರಿಸ್ತೀನಿ, ಎದುರುಬದುರೇ ಮಾತಾಡೋಣ" ಅಂದರಂತೆ.

ಅಪ್ಪ ಕೊಟ್ಟ ತಿಂಗಳು ಇವತ್ತಿಗೆ ಮುಗಿಯಿತು. ಬೆಳಿಗ್ಗೆ ಆ ಮಾತೇ ಎತ್ತದೆ ಪ್ರೇಮಾಳ ಕೈಗೆ ಬಸ್ ಚಾರ್ಜ್ ಇಟ್ಟರು.

ಅವ್ವ ಆಗಲೇ ಸೀರೆ ತೆಗೆದಿಟ್ಟಿದ್ದಾಳೆ. ಜೊತೆಗೆ ಹೊರಡುವವರು ಪ್ರೇಮಾ, ಚಾಮುಂಡಮ್ಮ, ಅಪ್ಪ, ನಾನು. ಶನಿವಾರ ಬೆಳಿಗ್ಗೆ ಹತ್ತು ಗಂಟೆ, ಕೊಳ್ಳೇಗಾಲ ಬಸ್ ಸ್ಟ್ಯಾಂಡ್ ಎದುರು ಅವರ ಆಫೀಸು. ಮೊದಲು ಮಾತಾಡುವುದು ಅವ್ವ — 'ದಯಮಾಡಿ' ಅಂತಲೇ.