ಎಡಗೈ ಬೈತಲೆ

ಇಬಾದಾನ್, ಮಂಗಳವಾರ

ಮೊರೆನಿಕೆ ಮೇಡಂ ಅವರಿಗೆ, ರೋನ್ಕೆ ಮೊಣಕಾಲೂರಿ ಮಾಡುವ ನಮಸ್ಕಾರ.

ನಿಮ್ಮ ಸಲೂನಿನಲ್ಲಿ ನಾಲ್ಕು ವರ್ಷ ಜಡೆ ಹೆಣೆಯಲು ಕಲಿತೆ. ಕಲಿಕೆ ಮುಗಿದವರಿಗೆಲ್ಲ ಮಾಡುವ ಬಿಡುಗಡೆಯ ಸಮಾರಂಭವನ್ನು ನನಗೆ ಮಾತ್ರ ಮಾಡಲಿಲ್ಲ. "ಎಡಚಿ ತೆಗೆದ ಬೈತಲೆ, ಹಾವು ಹರಿದಂಗಿದೆ" ಎಂದು ನಕ್ಕು ಕಳಿಸಿದಿರಿ. ನನಗೇನೂ ಬೇಸರವಿಲ್ಲ.

ಗಾಯಕಿ ಸೆಗಿ ಇಲ್ಲಿಗೆ ಹಾಡಿನ ಚಿತ್ರೀಕರಣಕ್ಕೆ ಬಂದಾಗ ಅವಳ ಜಡೆ ಹೆಣೆದವಳು ನಾನು. ಮರುತಿಂಗಳು ಅವಳ ಎದುರಾಳಿ ಗಾಯಕಿ ಅಯೊಕಾ ಬಂದು, "ಅವಳಿಗೆ ಹಾಕಿದ್ದು ಬೇಡ, ನಂಗೆ ಬೇರೇನೇ ಹಾಕು" ಎಂದಳು. ನನ್ನ ಕೈಗೆ ಬರುವುದು ಒಂದೇ ಬೈತಲೆ ಎಂದು ನಿಮಗೆ ಗೊತ್ತಲ್ಲ, ಅವಳಿಗೂ ಅದನ್ನೇ ತೆಗೆದೆ.

ಈಗ ಊರೆಲ್ಲ ಯಾರು ಯಾರದನ್ನು ಕದ್ದರು ಎಂಬುದೇ ಜಗಳ. ನಿನ್ನೆ ನನ್ನ ಮುಂದೆ ಜಡೆಗೆ ಕೂತಿದ್ದ ಸೆಗಿಯ ಅಭಿಮಾನಿಯೂ ಸರದಿ ಕಾಯುತ್ತಿದ್ದ ಅಯೊಕಾಳ ಅಭಿಮಾನಿಯೂ ಕಿತ್ತಾಡಿದರು.

"ಬೈತಲೆ ಕದ್ದಿದ್ದು ನಿಮ್ಮ ಅಯೊಕಾನೇ ಕಣೇ!"

"ಹೋಗೇ, ನಿಮ್ಮ ಸೆಗಿ ಕೆಮ್ಮೋದೂ ನಮ್ಮೋಳನ್ನ ನೋಡೇ!"

ನಾನು ಬಾಚಣಿಗೆ ಕಚ್ಚಿಕೊಂಡು ಹೆಣೆಯುತ್ತಲೇ ಇದ್ದೆ. ಕೊನೆಗೆ ಇಬ್ಬರಿಗೂ ಅದೇ ಬೈತಲೆ ತೆಗೆದು ಕಳಿಸಿದೆ.

ಮೊನ್ನೆ ನಿಮ್ಮ ಸಲೂನಿನ ಮುಂದೆ ಹಾದುಹೋಗುವಾಗ ಬಾಗಿಲಲ್ಲಿ "ಅಸಲಿ ಹಾವಿನ ಬೈತಲೆ ಇಲ್ಲಿ ಮಾತ್ರ" ಎಂಬ ಬೋರ್ಡು ನೋಡಿದೆ. ನೀವಿಟ್ಟ ಹೆಸರೇ ಉಳಿಯಿತು, ಸಂತೋಷ. ಆದರೆ ಅಲ್ಲಿಂದ ಹೊರಬಂದವರ ತಲೆಯಲ್ಲಿ ಹಾವು ಉಲ್ಟಾ ಹರಿದಿತ್ತು. ಅದನ್ನು ಎಡಗೈಯಲ್ಲೇ ತೆಗೆಯಬೇಕು, ಮೇಡಂ.

ಪ್ರತಿ ಬುಧವಾರ ನನಗೆ ಬಿಡುವು. ನಿಮ್ಮ ಹುಡುಗಿಯರನ್ನು ಕಳಿಸಿ, ಕಲಿಸಿಕೊಡುತ್ತೇನೆ. ನೀವೂ ಬರಬಹುದು. ಕಲಿತವರಿಗೆಲ್ಲ ಬಿಡುಗಡೆಯ ಸಮಾರಂಭವನ್ನು ನಾನೇ ಮಾಡುತ್ತೇನೆ, ಒಬ್ಬರನ್ನೂ ಬಿಡುವುದಿಲ್ಲ.

ನಿಮ್ಮ ಎಡಚಿ,
ರೋನ್ಕೆ